ಬೇಡ ಎನ್ನುವವರು ನಿನ್ನ ಹತ್ತಿರವಿರಲಿ

ಪ್ರೀತಿಯ ಪುಟ್ಟಿಗೆ,

  

ನಿನ್ನ ಕಾಗದ ಮೊನ್ನೆ ಕೈಸೇರಿತು. ಜೂನ್‌ನಿಂದ ನಿನ್ನನ್ನು ಹಾಸನದ ಕಡೆಯ ಸಭೆಗೆ ಸಭಾಪಾಲಕಿಯಾಗಿ ಕಳಿಸುತ್ತಿದ್ದಾರೆ ಎಂಬ ಸಾಲನ್ನು ನಾನು ಜೋರಾಗಿ ಓದಿದಾಗ ದೊಡ್ಡಮ್ಮ ಅಡುಗೆಮನೆಯಿಂದ ಬಂದು ಕಾಗದವನ್ನು ನನ್ನ ಕೈಯಿಂದಲೇ ತೆಗೆದುಕೊಂಡಳು. ಊರಿನಲ್ಲೊಂದು ದೇವಾಲಯ, ಸುತ್ತಲ ಹಳ್ಳಿಗಳಲ್ಲಿ ನಾಲ್ಕು ಚಿಕ್ಕ ಕೂಟಗಳು, ಒಂದು ಹಳೆಯ ಶಾಲೆ, ಬೇಲಿ ಬಿದ್ದುಹೋದ ಒಂದಿಷ್ಟು ಜಾಗ. ಎಲ್ಲವನ್ನೂ ವಿವರವಾಗಿ ಬರೆದು ಕೊನೆಗೆ ಕೇಳಿದ್ದೀಯ: "ಸಮಿತಿಯ ಹಿರಿಯರೆಲ್ಲ ಅಪ್ಪನಿಗಿಂತ ದೊಡ್ಡವರು. ಅವರು ನನ್ನ ಮಾತು ಕೇಳುತ್ತಾರಾ ದೊಡ್ಡಪ್ಪ?"

ಕೇಳುತ್ತಾರೆ ಮಗು. ಮೊದಲ ಕೆಲವು ತಿಂಗಳು ಒಬ್ಬಿಬ್ಬರು ಮುಖ ಬಿಗಿದುಕೊಂಡಾರು. ಆಮೇಲೆ ನೀನು ಅವರ ಮನೆಯ ಸಾವಿಗೆ ಹೋಗಿರುತ್ತೀಯ, ಮದುವೆ ಮಾಡಿಸಿರುತ್ತೀಯ, ರಾತ್ರಿ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಅವರ ಜೊತೆ ಕೂತಿರುತ್ತೀಯ. ವರ್ಷ ತುಂಬುವುದರೊಳಗೆ ನೀನು ಏನು ಹೇಳಿದರೂ "ಆಗಲಿ ಅಮ್ಮಾ" ಎನ್ನುವ ಜನ ನಿನ್ನ ಸುತ್ತ ಇರುತ್ತಾರೆ. ನನ್ನ ಚಿಂತೆ ಶುರುವಾಗುವುದೇ ಅಲ್ಲಿಂದ. ಅವರು ನಿನ್ನ ಮಾತು ಕೇಳುತ್ತಾರೆ, ನೀನು ಅವರ ಮಾತು ಕೇಳುತ್ತೀಯಾ? ಅವರಲ್ಲಿ ಯಾರಾದರೂ ನಿನಗೆ "ಇದು ಬೇಡ" ಎಂದರೆ ಆ ಮಾತು ನಿನ್ನ ಕಿವಿಗೆ ಬೀಳುವಂತೆ ಇರುತ್ತೀಯಾ?

ನಮ್ಮ ಹಳ್ಳಿ ಸಭೆಗಳ ಪ್ರೀತಿ ದೊಡ್ಡದು. ಅಯ್ಯನವರು ಬಂದರೆ ಮನೆಯಲ್ಲಿರುವ ಒಂದೇ ಕುರ್ಚಿ ಅವರಿಗೆ, ಮೊದಲ ತಟ್ಟೆ ಅವರಿಗೆ, ಹೊರಡುವಾಗ ಬಸ್ ಸ್ಟಾಪಿನವರೆಗೆ ಒಬ್ಬರು ಚೀಲ ಹಿಡಿದು ಬರುತ್ತಾರೆ. ನಿನಗೂ ಇದೆಲ್ಲ ಸಿಗುತ್ತದೆ. ಬೇಡವೆಂದು ತಳ್ಳಬೇಡ, ಅವರಿಗೆ ನೋವಾಗುತ್ತದೆ. ಆದರೆ ಇಷ್ಟು ಪ್ರೀತಿಸುವ ಜನ, ಪ್ರೀತಿಸುವುದರಿಂದಲೇ, ತಪ್ಪನ್ನು ಕಂಡರೂ ಬಾಯಿ ಬಿಡುವುದಿಲ್ಲ ಎಂಬುದನ್ನು ಮರೆಯಬೇಡ.

ನಿನ್ನ ತಾತ ಉಪದೇಶಿಯಾಗಿದ್ದವರು. ಸೈಕಲ್ಲಿನ ಕ್ಯಾರಿಯರ್‌ಗೆ ಸತ್ಯವೇದವನ್ನೂ ಹಾಡಿನ ಪುಸ್ತಕವನ್ನೂ ಟವೆಲ್ಲಿನಲ್ಲಿ ಸುತ್ತಿ ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದರು. ನಾನು ಹುಡುಗನಾಗಿದ್ದಾಗ ಇಂಗ್ಲೆಂಡಿನಿಂದ ಬಂದ ಮಿಷನರಿಗಳು ನಮ್ಮ ಕಡೆ ಇನ್ನೂ ಇದ್ದರು. ಹಿರಿಯರ ಬಾಯಲ್ಲಿ ಅವರು "ದೊರೆಗಳು." ಒಳ್ಳೆಯವರೇ. ಕನ್ನಡ ಚೆನ್ನಾಗಿ ಕಲಿತಿದ್ದರು, ಕಾಹಿಲೆಯವರ ಮನೆಗೆ ನಡೆದು ಹೋಗುತ್ತಿದ್ದರು. ಆದರೆ ಬಂಗಲೆಯ ಮೆಟ್ಟಿಲ ಹತ್ತಿರ ನಮ್ಮವರು ಚಪ್ಪಲಿ ಬಿಟ್ಟು, ಟವೆಲ್ ಹೆಗಲಿನಿಂದ ಇಳಿಸಿ ನಿಲ್ಲುತ್ತಿದ್ದರು. "ದೊರೆಗಳು ಹೇಳಿದರು" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಯಾವ ಹಳ್ಳಿಗೆ ಶಾಲೆ ಬೇಕು, ಯಾವ ಹಳ್ಳಿಗೆ ಬೇಡ, ಎಲ್ಲಿ ಬಾವಿ ತೋಡಿದರೆ ನೀರು ಬಂದೀತು, ಇವೆಲ್ಲ ನಿನ್ನ ತಾತನಿಗೆ ಗೊತ್ತಿತ್ತು. ಅವರನ್ನು ಕೇಳುವ ರೂಢಿ ಇರಲಿಲ್ಲ, ಕೇಳದೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ಅದಕ್ಕೂ ಬಹಳ ಮುಂಚೆಯೇ ಮಿಷನರಿಗಳಿಗೆ ಇದನ್ನು ಮುಖಕ್ಕೆ ಹೇಳಿದ ಒಬ್ಬರಿದ್ದರು ಪುಟ್ಟಿ. ಥಿಯಾಲಜಿ ಕಾಲೇಜಿನಲ್ಲಿ ನೀನು ಅವರ ಹೆಸರು ಓದಿಯೇ ಇರುತ್ತೀಯ, ವಿ. ಎಸ್. ಅಜರಾಯ. ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದವರು. 1910ರ ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಲೋಕದ ಮಿಷನ್ ಸಂಘಗಳ ಮಹಾ ಸಮ್ಮೇಳನ ನಡೆಯಿತು. ಸುಮಾರು 1200 ಪ್ರತಿನಿಧಿಗಳು, ಅವರಲ್ಲಿ ಏಷ್ಯಾದವರು ಬೆರಳೆಣಿಕೆಯವರು. ಆಗ ಅಜರಾಯರಿಗೆ 35 ವರ್ಷ. ಅಷ್ಟು ಜನರ ಮುಂದೆ ನಿಂತು, ನಿಮ್ಮ ತ್ಯಾಗವನ್ನೂ ಪರಿಶ್ರಮವನ್ನೂ ನಾವು ಮರೆಯುವುದಿಲ್ಲ, ಆದರೆ ನೀವು ನಮಗೆ ಯಜಮಾನರಾಗಿದ್ದೀರಿ, ಸ್ನೇಹಿತರಾಗಿಲ್ಲ, ನಮಗೆ ಬೇಕಾಗಿರುವುದು ನಿಮ್ಮ ಸ್ನೇಹ ಎಂಬರ್ಥದ ಮಾತಾಡಿದರು. ಕೆಲವರಿಗೆ ಬಹಳ ಸಿಟ್ಟು ಬಂತು. ಉಪಕಾರ ಮಾಡಿದವರನ್ನೇ ಆಡಿಕೊಳ್ಳುತ್ತಾನೆ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅದೇ ಅಜರಾಯರು 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಬಿಷಪರಾಗಿ ಅಭಿಷೇಕ ಹೊಂದಿದರು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯನೊಬ್ಬ ಬಿಷಪನಾದದ್ದು ಅದೇ ಮೊದಲು. ಅವರ ಬೆನ್ನಿಗೆ ನಿಂತವರು ಮದ್ರಾಸಿನ ಬಿಷಪರಾಗಿದ್ದ ಇಂಗ್ಲಿಷರು, ಹೆನ್ರಿ ವೈಟ್‌ಹೆಡ್. ವಿರೋಧ ಮಿಷನರಿಗಳಿಂದಲೂ ಬಂತು, ನಮ್ಮ ಜನರಿಂದಲೂ ಬಂತು. ವೈಟ್‌ಹೆಡ್ ಹಿಂದೆ ಸರಿಯಲಿಲ್ಲ. ಅಜರಾಯರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಅದು ನ್ಯಾಯವೇ. ನೀನು ಈಗ ಒಂದು ಸಭೆಯನ್ನು ನಡೆಸಲು ಹೊರಟವಳು, ಆದ್ದರಿಂದ ವೈಟ್‌ಹೆಡ್ಡರ ಕಡೆಗೂ ಸ್ವಲ್ಪ ನೋಡು ಎನ್ನುತ್ತೇನೆ. ತನ್ನವರನ್ನೇ ಎಲ್ಲರೆದುರು ಪ್ರಶ್ನಿಸಿದ ಯುವಕನನ್ನು ದೂರ ಇಡದೆ, ತನ್ನ ಸಮಾನ ಪೀಠದ ಮೇಲೆ ಕೂರಿಸಲು ಹೋರಾಡಿದವರು ಅವರು. ಅಧಿಕಾರದಲ್ಲಿದ್ದವರು ಮಾಡಬಹುದಾದ ಇದಕ್ಕಿಂತ ದೊಡ್ಡ ಕೆಲಸ ನನಗೆ ತೋರುವುದಿಲ್ಲ.

ನಮ್ಮ ದಕ್ಷಿಣ ಇಂಡಿಯಾ ಸಭೆ ಹುಟ್ಟಿದ ಕತೆಯೂ ಹೀಗೆಯೇ. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವರು ಕೂತು, ಹರಿದು ಹಂಚಿಹೋಗಿರುವ ನಾವು ಒಂದಾಗಬೇಕು ಎಂದು ಮಾತು ಆರಂಭಿಸಿದರು. ಅಜರಾಯರೂ ಅಲ್ಲಿದ್ದರು. ಒಂದಾಗಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ. ನಡುವೆ 28 ವರ್ಷ. ಬಿಷಪರು ಬೇಕೆಂದವರು ಆಂಗ್ಲಿಕನ್ನರು. ಬಿಷಪರೆಂದರೆ ಹೆದರುತ್ತಿದ್ದವರು ಕಾಂಗ್ರಿಗೇಷನಲಿಸ್ಟರು ಮತ್ತು ಪ್ರೆಸ್ಬಿಟೇರಿಯನ್ನರು. ನಮ್ಮ ಮೈಸೂರು ಸೀಮೆಯ ಮೆಥೊಡಿಸ್ಟರಿಗೂ ತಮ್ಮವೇ ಪ್ರಶ್ನೆಗಳಿದ್ದವು. ಕರಡನ್ನು ಎಷ್ಟೋ ಸಲ ತಿದ್ದಬೇಕಾಯಿತು. ಬೇಡ ಎಂದವರನ್ನು ಬಿಟ್ಟು ಮುಂದೆ ಹೋಗಿದ್ದರೆ ನಾಲ್ಕೈದು ವರ್ಷದಲ್ಲಿ ಮುಗಿಸಬಹುದಿತ್ತೇನೋ. ಅವರು ಕಾದರು. ಅಜರಾಯರು 1945ರ ಹೊಸವರ್ಷದ ದಿನ ತೀರಿಕೊಂಡರು, ಆ ಸೆಪ್ಟೆಂಬರನ್ನು ನೋಡಲಿಲ್ಲ. ಇಂದು ನಿನಗೆ ಅಭಿಷೇಕ ಕೊಟ್ಟ ಸಭೆ ಅಷ್ಟು ವರ್ಷ ಬೇಡ ಎಂಬ ಮಾತನ್ನು ಸಹಿಸಿ ಹುಟ್ಟಿದ ಸಭೆ.

ಇನ್ನೂ ಹಿಂದಕ್ಕೆ ಹೋದರೆ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರು ಸಿಗುತ್ತಾರೆ. ವೆಸ್ಲಿ ಎಂದರೆ ಎಂಥ ಗಟ್ಟಿ ಮನುಷ್ಯ ಎಂದು ನಿನಗೆ ಗೊತ್ತು. ಯಾವುದು ಹೇಗೆ ನಡೆಯಬೇಕು ಎಂದು ಅವರೇ ತೀರ್ಮಾನಿಸುತ್ತಿದ್ದವರು. 1740ರ ಆಸುಪಾಸಿನಲ್ಲಿ ಲಂಡನ್ನಿನ ಅವರ ಕೂಟದಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಯುವಕ ಪ್ರಸಂಗ ಮಾಡತೊಡಗಿದ. ಅವನಿಗೆ ಅಭಿಷೇಕವಾಗಿರಲಿಲ್ಲ. ವೆಸ್ಲಿ ಆಗ ಊರಲ್ಲಿರಲಿಲ್ಲ, ಸುದ್ದಿ ಕೇಳಿ ಅದನ್ನು ನಿಲ್ಲಿಸಲೆಂದೇ ಬೇಗ ಹಿಂದಿರುಗಿದರು. ಆಗ ಅವರ ಮುಪ್ಪಿನ ತಾಯಿ ಸುಸಾನ್ನ ಅಡ್ಡ ನಿಂತರು. ದುಡುಕಬೇಡ, ಆ ಹುಡುಗನನ್ನೂ ದೇವರು ನಿನ್ನಷ್ಟೇ ನಿಜವಾಗಿ ಕರೆದಿದ್ದಾನೆ, ಮೊದಲು ಹೋಗಿ ಅವನ ಪ್ರಸಂಗ ಕೇಳು ಎಂಬುದು ಆ ತಾಯಿಯ ಬುದ್ಧಿಮಾತು. ವೆಸ್ಲಿ ಹೋಗಿ ಕೇಳಿದರು. ಕೇಳಿದ ಮೇಲೆ ತಡೆಯಲಿಲ್ಲ. ಅಭಿಷೇಕವಿಲ್ಲದ ಸಾಮಾನ್ಯರು ಸುವಾರ್ತೆ ಸಾರುವ ದಾರಿ ಮೆಥೊಡಿಸ್ಟರಲ್ಲಿ ತೆರೆದುಕೊಂಡದ್ದು ಆಗ. ಆ ದಾರಿಯೇ ಮುಂದೆ ಮೈಸೂರು ಸೀಮೆಯವರೆಗೂ ಬಂತು. ನಿನ್ನ ತಾತ ಸೈಕಲ್ ತುಳಿದದ್ದು ಅದೇ ದಾರಿಯಲ್ಲಿ. ಒಬ್ಬ ಮುದುಕಿ ಮಗನನ್ನು ತಡೆದದ್ದರ ಫಲ ನಮ್ಮ ಮನೆಯವರೆಗೆ ಬಂದು ಮುಟ್ಟಿದೆ.

ಅದೇ ವೆಸ್ಲಿ 1738ರಲ್ಲಿ ಚಿಕ್ಕ ಕೂಟಗಳಿಗೆ ನಿಯಮ ಬರೆದರು. ಅಂಥ ಕೂಟಕ್ಕೆ ಸೇರುವವರನ್ನು ಮೊದಲೇ ಕೇಳಬೇಕಾದ ಪ್ರಶ್ನೆಗಳು ಅದರಲ್ಲಿವೆ. ನಿನ್ನ ತಪ್ಪುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ನಿನಗೆ ಆಗಬಹುದೇ, ಹಾಗೆ ಹೇಳಬೇಕೆಂದು ನೀನೇ ಬಯಸುತ್ತೀಯಾ ಎಂಬ ಅರ್ಥದ ಪ್ರಶ್ನೆ ಅವುಗಳಲ್ಲೊಂದು. ಇದನ್ನು ಇಂದು ನಾವು ಸದಸ್ಯರನ್ನೂ ಕೇಳುವುದಿಲ್ಲ, ಸಭಾಪಾಲಕರನ್ನೂ ಕೇಳುವುದಿಲ್ಲ. ನೀನಾದರೂ ನಿನ್ನನ್ನೇ ಕೇಳಿಕೊಂಡು ಹೊರಡು.

ಸತ್ಯವೇದ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ ದಾವೀದನ ಕತೆಯನ್ನು ವಯಸ್ಸಾದ ಮೇಲೆ ನಾನು ಓದುವ ರೀತಿ ಬದಲಾಗಿದೆ, ಅದನ್ನು ಹೇಳಿಬಿಡುತ್ತೇನೆ. ಬತ್ಷೆಬೆಯ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸು ಎಂಬ ದಾವೀದನ ಪತ್ರ ಸೇನಾಪತಿ ಯೋವಾಬನ ಕೈಗೆ ಬರುತ್ತದೆ. ಯೋವಾಬ ಪುಕ್ಕಲನಲ್ಲ. ಅರಸನ ಸಂಬಂಧಿ, ಅವನ ಮಾತಿಗೆ ಬೆಲೆಯಿತ್ತು. ಆದರೂ ಒಂದು ಪ್ರಶ್ನೆ ಕೇಳದೆ ಹೇಳಿದ್ದನ್ನು ಮಾಡಿಬಿಟ್ಟ. ದಾವೀದನ ಪಾಪ ದಾವೀದನದೇ. ಆದರೆ ಅರಮನೆಯಲ್ಲಿ ಅಷ್ಟು ಜನರಿದ್ದೂ ಬತ್ಷೆಬೆಯನ್ನು ಕರೆತರಲು ಹೋದ ಆಳುಗಳಿಂದ ಹಿಡಿದು ಯೋವಾಬನವರೆಗೆ ಒಬ್ಬರೂ "ಒಡೆಯಾ, ಇದು ಬೇಡ" ಎನ್ನಲಿಲ್ಲ. ಎಲ್ಲರೂ ವಿಧೇಯರಾಗಿದ್ದರು. ಆ ವಿಧೇಯತೆಯಿಂದ ಒಬ್ಬ ನಿರಪರಾಧಿ ಸತ್ತ.

ಆಮೇಲೆ ಪ್ರವಾದಿ ನಾತಾನ ಬಂದ. ಊರೀಯನನ್ನು ಸದ್ದಿಲ್ಲದೆ ಕೊಲ್ಲಿಸಿದ ಅರಸ ತನ್ನನ್ನೂ ಕೊಲ್ಲಿಸಬಲ್ಲ ಎಂದು ತಿಳಿದೇ ಬಂದ. ಬಡವನ ಒಂದೇ ಕುರಿಮರಿಯ ಕತೆ ಹೇಳಿ, ಆ ಮನುಷ್ಯ ನೀನೇ ಎಂದು ಬೆರಳು ತೋರಿಸಿದ. ದಾವೀದ ಕತ್ತಿಗೆ ಕೈಹಾಕಲಿಲ್ಲ, ಕಾರಣಗಳನ್ನು ಹೇಳಲಿಲ್ಲ, ಪಾಪ ಮಾಡಿದ್ದೇನೆ ಎಂದ. ದಾವೀದನನ್ನು ದೊಡ್ಡ ಅರಸ ಎನ್ನುವುದು ಗೊಲ್ಯಾತನನ್ನು ಕೊಂದದ್ದಕ್ಕೆ ಎಂದು ಭಾನುವಾರ ಶಾಲೆಯಲ್ಲಿ ನಾವು ಕಲಿತೆವು. ಈಗ ನನಗೆ ಅವನ ದೊಡ್ಡತನ ಕಾಣುವುದು ಈ ಗಳಿಗೆಯಲ್ಲಿ. ಪೂರ್ವಕಾಲವೃತ್ತಾಂತದಲ್ಲಿ ಅವನ ಮಕ್ಕಳ ಪಟ್ಟಿಯಿದೆ, ಬತ್ಷೆಬೆಯಲ್ಲಿ ಹುಟ್ಟಿದ ಮಗನೊಬ್ಬನ ಹೆಸರು ನಾತಾನ. ಪ್ರವಾದಿಯ ನೆನಪಿಗೇ ಆ ಹೆಸರಿಟ್ಟರೆಂದು ಅಲ್ಲಿ ಬರೆದಿಲ್ಲ. ಹಾಗಿರಬಹುದು ಎಂದುಕೊಳ್ಳುವುದು ನನಗೆ ಇಷ್ಟ.

ಅದೇ ದಾವೀದ ಮುಪ್ಪಿನಲ್ಲಿ ಜನಗಣತಿಗೆ ಹೊರಟಾಗ ಅದೇ ಯೋವಾಬ ಬೇಡ ಎಂದ. ಈ ಸಲ ಯೋವಾಬ ಬಾಯಿ ಬಿಟ್ಟ, ದಾವೀದ ಕಿವಿ ಮುಚ್ಚಿಕೊಂಡ. ಊರಿಗೆ ಊರೇ ಮಾರಿಬೇನೆಯಲ್ಲಿ ನರಳಿತು. ಒಮ್ಮೆ ಕೇಳಿದವರು ಯಾವಾಗಲೂ ಕೇಳುತ್ತಾರೆಂಬ ಭರವಸೆಯಿಲ್ಲ ಮಗು. ಈ ಗುಣವನ್ನು ಪ್ರತಿ ವರ್ಷ ಹೊಸದಾಗಿ ಬೇಡಿಕೊಳ್ಳಬೇಕು.

ಇದಕ್ಕೆಲ್ಲ ಮಿಗಿಲಾದದ್ದು ನಮ್ಮ ಸ್ವಾಮಿಯ ನಡತೆ. ತೂರಿನ ಸೀಮೆಯಲ್ಲಿ ಅನ್ಯಜನರ ಹೆಂಗಸೊಬ್ಬಳು ಮಗಳಿಗಾಗಿ ಕಾಲಿಗೆ ಬಿದ್ದಳು. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎಂಬ ಉತ್ತರ ಬಂತು. ಅವಳು ಎದ್ದು ಹೋಗಲಿಲ್ಲ. ಮೇಜಿನ ಕೆಳಗೆ ಬೀಳುವ ಚೂರಾದರೂ ನಾಯಿಮರಿಗಳಿಗೆ ಸಿಗುತ್ತದಲ್ಲ ಎಂದು ಎದುರು ಮಾತಾಡಿದಳು. ಸ್ವಾಮಿ ಅವಳ ಆ ಮಾತಿಗೇ ಮಗಳನ್ನು ವಾಸಿಮಾಡಿ ಕಳಿಸಿದರೆಂದು ಮಾರ್ಕನು ಬರೆಯುತ್ತಾನೆ. ಅವಳನ್ನು ಪರೀಕ್ಷಿಸಲೆಂದೇ ಸ್ವಾಮಿ ಹಾಗೆಂದರು ಎಂದು ಹೇಳುವ ಬೋಧಕರಿದ್ದಾರೆ. ಹೇಗೇ ಇರಲಿ, ದೇವರ ಮಗನ ಮುಂದೆ ಅನ್ಯಜನರ ಒಬ್ಬ ತಾಯಿ "ಆದರೂ ಸ್ವಾಮಿ" ಎನ್ನಬಲ್ಲವಳಾಗಿದ್ದಳು, ಆಕೆಯ ಮಾತು ಗೆದ್ದಿತು, ಅದು ಸುವಾರ್ತೆಯಲ್ಲಿ ಉಳಿಯಿತು. ಕರ್ತರೇ ಎದುರು ಮಾತಿಗೆ ಜಾಗ ಕೊಟ್ಟ ಮೇಲೆ ಅವರ ಹೆಸರಿನಲ್ಲಿ ಸಭೆ ನಡೆಸುವ ನಾವು ಯಾರು, ಬಾಯಿ ಮುಚ್ಚಿಸಲು?

ಬಾಯಿ ಮುಚ್ಚಿಸುವ ಉಪಾಯಗಳು ನಮ್ಮ ಸಭೆಗಳಲ್ಲಿ ಬೇಕಾದಷ್ಟಿವೆ ಪುಟ್ಟಿ. ಅವುಗಳಲ್ಲಿ ಎರಡರಿಂದ ದೂರವಿರು. ಒಂದು, "ನಾನು ಪ್ರಾರ್ಥನೆ ಮಾಡಿದ್ದೇನೆ, ಇದು ದೇವರ ಚಿತ್ತ" ಎನ್ನುವುದು. ನಿಜವಾಗಿ ಪ್ರಾರ್ಥನೆ ಮಾಡಿದ್ದರೂ ಸಮಿತಿಯಲ್ಲಿ ಹಾಗೆನ್ನಬೇಡ. ಶಾಲೆಯ ಮುಂದಿನ ಜಾಗವನ್ನು ಬಾಡಿಗೆಗೆ ಕೊಡಬೇಕೋ ಬೇಡವೋ ಎಂಬ ಮಾತಿಗೆ ದೇವರ ಚಿತ್ತವನ್ನು ಎಳೆದು ತಂದರೆ, ಬೇಡ ಎನ್ನುವವನು ನಿನ್ನ ವಿರುದ್ಧವಲ್ಲ, ದೇವರ ವಿರುದ್ಧವೇ ನಿಂತಂತಾಗುತ್ತದೆ. ಭಯಭಕ್ತಿಯಿರುವ ಯಾವ ಹಳ್ಳಿಯವನು ಆಮೇಲೆ ಬಾಯಿ ಬಿಟ್ಟಾನು? ನಿನ್ನ ಅಭಿಪ್ರಾಯವನ್ನು ನಿನ್ನ ಅಭಿಪ್ರಾಯ ಎಂದೇ ಹೇಳು. ದೇವರ ಚಿತ್ತ ಎಲ್ಲರೂ ಕೂಡಿ ಹುಡುಕುವಂಥದ್ದು.

ಇನ್ನೊಂದು ಪ್ರಸಂಗಪೀಠ. ಸಮಿತಿಯಲ್ಲಿ ಯಾರೋ ಎದುರಾಡಿದರೆಂದು ಭಾನುವಾರ ಪ್ರಸಂಗದಲ್ಲಿ ಕೋರಹನು ಮೋಶೆಯ ವಿರುದ್ಧ ಎದ್ದ ದಂಗೆಯ ಕತೆ ತೆಗೆದು, ಹೆಸರು ಹೇಳದೆ ಚುಚ್ಚುವವರನ್ನು ನಾನು ನೋಡಿದ್ದೇನೆ. ಕೂತವರಿಗೆಲ್ಲ ಯಾರ ಬಗ್ಗೆ ಎಂದು ಗೊತ್ತಿರುತ್ತದೆ, ಆ ಮನುಷ್ಯ ಹೆಂಡತಿ ಮಕ್ಕಳ ನಡುವೆ ತಲೆ ತಗ್ಗಿಸಿ ಕೂತಿರುತ್ತಾನೆ. ಅಲ್ಲಿ ಎದ್ದು ಉತ್ತರ ಕೊಡುವಂತಿಲ್ಲ. ಉತ್ತರ ಕೊಡಲಾಗದ ಜಾಗದಿಂದ ಯಾರನ್ನೂ ಹೊಡೆಯಬೇಡ. ಮನಸ್ತಾಪವಿದ್ದರೆ ಸೋಮವಾರ ಅವರ ಮನೆಗೆ ಹೋಗು, ಕಾಫಿ ಕೊಟ್ಟರೆ ಕುಡಿ, ಅಲ್ಲಿ ಮಾತಾಡು.

ನಾನು ಸಭೆಯ ಕಾರ್ಯದರ್ಶಿಯಾಗಿದ್ದಾಗ ಆರಾಧನೆಯ ಹೊತ್ತನ್ನು ಬೆಳಗ್ಗೆ ಎಂಟಕ್ಕೆ ತಂದೆವು. ಪಟ್ಟಣದವರಿಗೆ ಅನುಕೂಲ ಎಂಬುದು ನಮ್ಮ ಲೆಕ್ಕ. ಸ್ತ್ರೀಯರ ಅನ್ಯೋನ್ಯ ಕೂಟದ ಹಿರಿಯಮ್ಮ ಒಬ್ಬರು ಎದ್ದು, ಹಳ್ಳಿಯ ಬಸ್ಸು ಬರುವುದೇ ಎಂಟೂವರೆಗೆ ಎಂದರು. ನಾನು ಆಗಲೇ ತೀರ್ಮಾನವನ್ನು ಪುಸ್ತಕದಲ್ಲಿ ಬರೆದಾಗಿತ್ತು, ಮುಂದಿನ ವಿಷಯ ಎಂದೆ. ಅವರು ಕೂತರು. ಹಳ್ಳಿಯಿಂದ ಬರುತ್ತಿದ್ದ ಕೆಲವು ಮನೆಗಳವರು ಬರುವುದು ನಿಂತು ಬಹಳ ದಿನವಾದ ಮೇಲೆ ನಮಗೆ ಬುದ್ಧಿ ಬಂತು. ಹೊತ್ತನ್ನು ಮತ್ತೆ ಬದಲಿಸಿದೆವು. ಆ ಅಮ್ಮ ಮಾತ್ರ ಆಮೇಲೆ ಯಾವ ಕೂಟದಲ್ಲೂ ಎದ್ದು ಮಾತಾಡಲಿಲ್ಲ. ತಪ್ಪು ನನ್ನದೇ. ಒಬ್ಬರ ಬಾಯಿ ಒಂದು ಸಲ ಮುಚ್ಚಿಸಿದರೆ ಮತ್ತೆ ತೆರೆಸುವುದು ಕಷ್ಟ ಎಂದು ನಿನಗೆ ತಿಳಿದಿರಲಿ ಅಂತ ಇದನ್ನು ಬರೆದೆ.

ಎಲ್ಲರ "ಬೇಡ"ವೂ ಒಂದೇ ಅಲ್ಲ, ಅದನ್ನೂ ಹೇಳಬೇಕು. ಕೆಲವರು ಏನು ತಂದರೂ ಬೇಡ ಎನ್ನುತ್ತಾರೆ. ಕೆಲವರಿಗೆ ಸಭೆಯ ಜಾಗದ ಮೇಲೋ ಶಾಲೆಯ ಕೆಲಸದ ಮೇಲೋ ಕಣ್ಣಿರುತ್ತದೆ. ಇನ್ನು ಕೆಲವರು ನೀನು ಹೆಣ್ಣು ಎಂಬ ಒಂದೇ ಕಾರಣಕ್ಕೆ ನಿನ್ನ ಕೈಯಿಂದ ಕರ್ತರ ಭೋಜನ ಬೇಡ ಎಂದಾರು. ಈ ಕೊನೆಯ ಮಾತಿಗೆ ನೀನು ತಲೆಬಾಗಬೇಕಾಗಿಲ್ಲ. ಆ ಪ್ರಶ್ನೆಯನ್ನು ನಮ್ಮ ಸಭೆ ಎಂದೋ ತೀರ್ಮಾನಿಸಿದೆ, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅಮ್ಮನವರು ಬಿಷಪರೇ ಆದರು. ಹಾಗೆಂದವರ ಮೇಲೆ ಸಿಟ್ಟಾಗದೆ ನಿನ್ನ ಕೆಲಸ ನೀನು ಮಾಡು. ಉಳಿದ ಎಲ್ಲ ವಿಷಯದಲ್ಲೂ ಕೇಳುವುದು ಬೇರೆ, ಒಪ್ಪುವುದು ಬೇರೆ. ಪೂರ್ತಿ ಕೇಳಿದ ಮೇಲೆ ನಿನಗೆ ಸರಿ ಕಂಡದ್ದನ್ನು ಮಾಡಬೇಕಾಗಿ ಬರುತ್ತದೆ, ಅದರ ಹೊಣೆಯನ್ನು ನೀನೇ ಹೊರಬೇಕು. ಅವರು ಒಪ್ಪಲಿಲ್ಲ ಎಂದು ಕೈ ತೊಳೆದುಕೊಳ್ಳುವವರು ಸಭೆ ನಡೆಸಲಾರರು.

ಹಾಗಾದರೆ ಹೇಗೆ ಮಾಡಲಿ ಎನ್ನುತ್ತೀಯ. ಸಮಿತಿ ಕೂತಾಗ ನಿನ್ನ ಅಭಿಪ್ರಾಯವನ್ನು ಕೊನೆಗೆ ಹೇಳು. ನೀನು ಮೊದಲು ಹೇಳಿದರೆ ಉಳಿದವರು ಅದಕ್ಕೇ ಹೂಂ ಎನ್ನುತ್ತಾರೆ. ವಯಸ್ಸಿನಲ್ಲಿ ಚಿಕ್ಕವರಿಗೂ ಹೆಂಗಸರಿಗೂ ಮೊದಲು ಮಾತು ಕೊಡು. ದೊಡ್ಡವರು ಮಾತಾಡಿದ ಮೇಲೆ ಅವರು ಬಾಯಿ ಬಿಡುವುದಿಲ್ಲ. ತುರ್ತಿಲ್ಲದ ತೀರ್ಮಾನವನ್ನು ಮುಂದಿನ ಕೂಟಕ್ಕೆ ಬಿಡು, ಸಮಿತಿಯಲ್ಲಿ ಸುಮ್ಮನಿದ್ದವರು ಮನೆ ಭೇಟಿಯಲ್ಲಿ ಹೇಳುತ್ತಾರೆ. ಕಾಣಿಕೆಯನ್ನು ಎಂದೂ ಒಬ್ಬಳೇ ಎಣಿಸಬೇಡ. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಪೌಲನಂಥ ಪೌಲನೇ ಯಾರೂ ತಪ್ಪು ಹೊರಿಸದಿರಲೆಂದು ಬೇರೆಯವರನ್ನು ಜೊತೆ ಮಾಡಿಕೊಂಡ.

ಇನ್ನೊಂದು ಸೂಕ್ಷ್ಮವಿದೆ. ಶಾಲೆಯ ಮೇಷ್ಟರು, ಗಂಟೆ ಹೊಡೆಯುವವರು, ದೇವಾಲಯ ಗುಡಿಸುವ ಅಮ್ಮ, ಇವರ ಸಂಬಳಕ್ಕೆ ನಿನ್ನ ಸಹಿ ಬೇಕು. ಯಾರ ಮನೆಯ ಒಲೆ ನಿನ್ನ ಸಹಿಯಿಂದ ಉರಿಯುತ್ತದೋ ಅವರು ನಿನಗೆ ಬೇಡ ಎನ್ನಲಾರರು, ಅದು ಅವರ ತಪ್ಪಲ್ಲ. ಅವರ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡ. ನಿನ್ನಿಂದ ಏನೂ ಆಗಬೇಕಾಗಿಲ್ಲದವರನ್ನು, ನಿನಗೆ ಹೆದರದವರನ್ನು ಹುಡುಕು. ಮೋಶೆಗೆ ಅಂಥವನು ಸಿಕ್ಕಿದ್ದ, ಅವನ ಮಾವ ಇತ್ರೋನ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದ ಅಳಿಯನನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ. ಅವನು ಇಸ್ರಾಯೇಲ್ಯನೂ ಅಲ್ಲ, ಮಿದ್ಯಾನಿನ ಯಾಜಕ. ದೇವರೊಡನೆ ಮುಖಾಮುಖಿ ಮಾತಾಡಿದ ಮೋಶೆ ಅವನ ಮಾತು ಕೇಳಿ ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ಮುಖ್ಯಸ್ಥರನ್ನು ನೇಮಿಸಿದ. ನಿನ್ನ ಊರಿನಲ್ಲೂ ಅಂಥವರು ಇರುತ್ತಾರೆ. ರಿಟೈರಾದ ನರ್ಸ್ ಒಬ್ಬರಿರಬಹುದು, ಯಾವ ಪದವಿಗೂ ಆಸೆಪಡದ ರೈತನೊಬ್ಬನಿರಬಹುದು, ಬೇರೆ ಮತದ ನೆರೆಯವರೂ ಆಗಬಹುದು.

ಪುಟ್ಟಿ, ಬೇರೆ ಎಲ್ಲ ಮರೆತರೂ ಈ ಒಂದನ್ನು ಮಾಡು. ಜೂನ್‌ನಲ್ಲಿ ಹೋದವಳು ಮೊದಲ ಕೆಲವು ವಾರ ಸುಮ್ಮನೆ ಎಲ್ಲರ ಮನೆಗೂ ಹೋಗಿ ಬಾ. ನಿನಗೆ ಹೆದರದ ಅಂಥ ಒಬ್ಬರನ್ನು ಗುರುತಿಸಿಕೋ. ಅವರ ಮನೆಗೆ ಹೋಗಿ ನೇರವಾಗಿ ಕೇಳು: "ನಾನು ದಾರಿ ತಪ್ಪುತ್ತಿದ್ದೇನೆ ಅನ್ನಿಸಿದರೆ ನನಗೇ ಬಂದು ಹೇಳಿ. ನಾನು ಸಿಟ್ಟಾದರೂ ಬಿಡಬೇಡಿ." ಅವರು ಹೇಳಿದ ದಿನ ನಿನಗೆ ಸಿಟ್ಟು ಬಂದೇ ಬರುತ್ತದೆ. ಬರಲಿ. ಉತ್ತರವನ್ನು ಮಾತ್ರ ಮಾರನೆಯ ದಿನಕ್ಕೆ ಇಟ್ಟುಕೊಂಡು, ಆ ರಾತ್ರಿ ಕರ್ತರ ಮುಂದೆ ಆ ಮಾತನ್ನು ಇಡು. ಅವರ ಹೆಸರನ್ನು ನನಗೆ ಬರೆಯಬೇಕಾಗಿಲ್ಲ. ಅಂಥವರು ಸಿಕ್ಕಿದ್ದಾರೆ ಎಂದು ಒಂದು ಸಾಲು ಬರೆ, ನಾನೂ ದೊಡ್ಡಮ್ಮನೂ ನಿಶ್ಚಿಂತೆಯಿಂದಿರುತ್ತೇವೆ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ